ಪ್ರೆಸ್ಸಣ್ಣನ ಹೊಸ ಅಸಿಸ್ಟೆಂಟು

ಕಡೂರಿನಲ್ಲಿ ಯಾವುದಾದರೂ ಶಾಮಿಯಾನದ ಬಾಗಿಲಿಗೇ ಅಡ್ಡವಾಗಿ ಬೈಕು ನಿಂತಿದ್ದರೆ, ಅದು ಪ್ರೆಸ್ಸಣ್ಣನದು. ಹಿಂದೆ ಮುಂದೆ ಕೆಂಪಕ್ಷರದಲ್ಲಿ ‘ಪ್ರೆಸ್’ ಎಂದಿದೆ. ನಂಬರು ಅದರ ಕೆಳಗೆ ಎಲ್ಲೋ ಇರಬೇಕು. ಅವರಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ರೇಷನ್ ಕಾರ್ಡಿನ ಹೊರಗೆ ಅದನ್ನು ಕಂಡವರಿಲ್ಲ. ಮೊದಲು ಅವರ ಪಾಲಿಗಿದ್ದದ್ದು ಕಡೂರು, ತರೀಕೆರೆ. ತರೀಕೆರೆಯಿಂದ ಅಜ್ಜಂಪುರ ಬೇರೆಯಾಗಿ ತಾಲ್ಲೂಕಾದ ಮೇಲೆ ಮೂರಾಯಿತು. ಸನ್ಮಾನ, ಉದ್ಘಾಟನೆ, ಧರಣಿ ಎಲ್ಲವೂ ಹೆಚ್ಚಿದವು. ಪೆಟ್ರೋಲ್ ಖರ್ಚೂ ಹೆಚ್ಚಿತು. ಹೆಚ್ಚದೇ ಉಳಿದದ್ದು ಯಾವುದು ಎಂದು ಬಿಡಿ ಸುದ್ದಿಗಾರರನ್ನು ಯಾರೂ ಕೇಳಬಾರದು.

ಹಿಂದೆಲ್ಲ ಹಾಳೆಯ ಒಂದೇ ಮಗ್ಗುಲಲ್ಲಿ ಸುದ್ದಿ ಬರೆದು, ಕವರಿಗೆ ಹಾಕಿ, ಅಂಟಿಸಿ, ಬಸ್ಸಿನ ಕಂಡಕ್ಟರ್ ಕೈಗಿಡುತ್ತಿದ್ದರು. ಬಸ್ಸು ತಪ್ಪಿದರೆ ಬೀರೂರು ಜಂಕ್ಷನ್ನಿಗೆ ಓಟ. ಎರಡೂ ತಪ್ಪಿದ ದಿನ ಇಡೀ ತಾಲ್ಲೂಕಿನಲ್ಲಿ ಏನೂ ನಡೆದಿಲ್ಲವೆಂದೇ ಲೆಕ್ಕ. ಆಮೇಲೆ ಫ್ಯಾಕ್ಸ್ ಬಂತು, ‘ನುಡಿ’ ಬಂತು, ವಾಟ್ಸ್‌ಆ್ಯಪ್ ಬಂತು. ಪ್ರೆಸ್ಸಣ್ಣ ಎಲ್ಲಕ್ಕೂ ಹೊಂದಿಕೊಂಡರು.

2023ರಲ್ಲಿ ಪವರ್ ಟಿವಿಯವರು ‘ಸೌಂದರ್ಯ’ ಎಂಬ ಎಐ ನಿರೂಪಕಿಯನ್ನು ತೆರೆಗೆ ತಂದಾಗ ಮಾತ್ರ ಟೀ ಅಂಗಡಿಯಲ್ಲಿ ತಲೆಗೆ ಕೈ ಹೊತ್ತು ಕೂತಿದ್ದರು. “ಮುಗೀತು ಕಣ್ರಯ್ಯಾ ನಮ್ ಕಥೆ. ಅದಕ್ಕೆ ಟೀ ಬೇಡ, ಪೆಟ್ರೋಲ್ ಬೇಡ, ಸಂಬಳ ಕೇಳೋ ಬಾಯಿ ಮೊದಲೇ ಇಲ್ಲ.” ಮಗ ಅವರ ಮೊಬೈಲಿಗೂ ಒಂದು ಎಐ ಹಾಕಿಕೊಟ್ಟ. ವಾರ ಕಳೆಯುವುದರೊಳಗೆ “ನಮ್ ಅಸಿಸ್ಟೆಂಟು” ಎನ್ನತೊಡಗಿದರು.

ಅದು ಅವರಂತೆಯೇ ಬರೆಯುತ್ತದೆ ಎಂದು ಊರೆಲ್ಲ ಬೆರಗಾಯಿತು. ನನಗೇನೂ ಆಶ್ಚರ್ಯವಾಗಲಿಲ್ಲ. ‘ದೀಪ ಬೆಳಗಿಸಿ ಉದ್ಘಾಟಿಸಿ ಮಾತನಾಡಿದ ಅವರು’ ಎಂದು ಶುರುವಾಗಿ ‘ಮುಂತಾದವರು ಉಪಸ್ಥಿತರಿದ್ದರು’ ಎಂದು ಮುಗಿಯುವ ಒಂದೇ ವರದಿಯನ್ನು ಪ್ರೆಸ್ಸಣ್ಣ ಮೂವತ್ತು ವರ್ಷದಿಂದ ಊರು, ತಾರೀಖು ಬದಲಿಸಿ ಕಳಿಸುತ್ತಿದ್ದರು. ಸಂಜೆಯ ಸಮಾರಂಭ ‘ಅದ್ದೂರಿಯಾಗಿ ಜರುಗಿತು’ ಎಂಬುದು ಬೆಳಗಿನ ತಿಂಡಿಗೆ ಮೊದಲೇ ಅವರಿಗೆ ಗೊತ್ತಿರುತ್ತಿತ್ತು.

ತೊಂದರೆ ಬಂದದ್ದು ಯಂತ್ರ ಸ್ವಂತ ಬುದ್ಧಿ ಉಪಯೋಗಿಸಿದಾಗ. ಅಜ್ಜಂಪುರದಲ್ಲಿ ಈರುಳ್ಳಿ ಬೆಲೆ ಬಿತ್ತು, ಎರಡೇ ಸಾಲು ಹೇಳಿ ಉಳಿದದ್ದನ್ನು ಅದಕ್ಕೇ ಬಿಟ್ಟರು. ಚಿಕ್ಕಮಗಳೂರು ಜಿಲ್ಲೆ ಎಂದರೆ ಅದಕ್ಕೆ ಕಾಫಿಯೇ. ಬಾಬಾಬುಡನ್‌ಗಿರಿಯ ಆಚೆ ಸುರಿಯುವ ಮಳೆ ಈಚೆ ಕಡೂರು ಸೀಮೆಗೆ ಬರುವಷ್ಟರಲ್ಲಿ ಬರಿ ಮೋಡವಾಗಿರುತ್ತದೆ ಎಂದು ಅದಕ್ಕೆ ಹೇಳಿದವರಾರು? ‘ಮಂಜು ಮುಸುಕಿದ ಕಾಫಿ ತೋಟಗಳ ಮಡಿಲಲ್ಲಿರುವ ಅಜ್ಜಂಪುರದ ಈರುಳ್ಳಿ ಬೆಳೆಗಾರರು ಕಂಗಾಲಾಗಿದ್ದಾರೆ’ ಎಂದು ಅಚ್ಚಾಯಿತು. ಬೆಳಗ್ಗೆಯೇ ಒಬ್ಬ ರೈತನ ಫೋನು: “ಅಣ್ಣಾ, ಆ ಕಾಫಿ ತೋಟ ಎಲ್ಲೈತೆ ತೋರ್ಸು. ಈರುಳ್ಳಿ ಬಿಟ್ಟು ಅಲ್ಲಿಗೇ ಕೂಲಿಗೋಗ್ತೀನಿ.”

ಬೈಕಿನ ಮೇಲಿಂದಲೇ ಬಾಯಲ್ಲಿ ಹೇಳಿ ಬರೆಸುವುದು ಇನ್ನೊಂದು ಚಟ. ಎಮ್ಮೆದೊಡ್ಡಿಯಲ್ಲಿ ಚಿರತೆ ಕಾಣಿಸಿತು ಎಂದರು. ಮೊಬೈಲು ಊರಿನ ಹೆಸರನ್ನು ಎರಡಾಗಿ ಒಡೆಯಿತು. ಅಸಿಸ್ಟೆಂಟು ಅದಕ್ಕೆ ಎಮ್ಮೆ ಕಟ್ಟಿತು, ಚಿರತೆಯನ್ನು ದೊಡ್ಡಿಯೊಳಗೆ ನುಗ್ಗಿಸಿತು, ಎಮ್ಮೆಯ ಮಾಲೀಕರ ಕಣ್ಣಲ್ಲಿ ನೀರನ್ನೂ ತರಿಸಿತು. ಮಾರನೆಯ ದಿನ ಪರಿಹಾರ ಎಲ್ಲಿ ಕೊಡುತ್ತಾರೆಂದು ಕೇಳಿಕೊಂಡು ಪ್ರೆಸ್ಸಣ್ಣನ ಮನೆಗೆ ಮೂವರು ಮಾಲೀಕರು ಬಂದರು.

ಇವನ್ನೆಲ್ಲ ಊರು ಕ್ಷಮಿಸಿತು. ಕ್ಷಮಿಸದೇ ಹೋದದ್ದು ತರೀಕೆರೆಯ ಪತ್ರಿಕಾ ದಿನಾಚರಣೆಯ ವರದಿಯನ್ನು. ಜುಲೈ 1. 1843ರಲ್ಲಿ ಮೋಗ್ಲಿಂಗ್ ಸಾಹೇಬರು ಕಲ್ಲಚ್ಚಿನಲ್ಲಿ ‘ಮಂಗಳೂರು ಸಮಾಚಾರ’ ಹೊರತಂದ ದಿನ. ವಿಷಯ: ‘ಕೃತಕ ಬುದ್ಧಿಮತ್ತೆಯಿಂದ ಪತ್ರಿಕೋದ್ಯಮಕ್ಕೆ ಆಪತ್ತು’. ಪ್ರೆಸ್ಸಣ್ಣ ಆವೇಶದಿಂದ ಮಾತಾಡಿ, ವೇದಿಕೆಯ ಹಿಂದೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಅದರ ವರದಿಯನ್ನು ಕೃತಕ ಬುದ್ಧಿಮತ್ತೆಯಿಂದಲೇ ಬರೆಸಿದರು. ವರದಿ ಸೊಗಸಾಗಿತ್ತು. ಕಲ್ಲಚ್ಚು, ಮೋಗ್ಲಿಂಗ್, ಇಸವಿ ಎಲ್ಲವೂ ಸರಿ. ಆದರೆ ವೇದಿಕೆಯ ಮೇಲೆ ಕೂತ ಇಪ್ಪತ್ತೆರಡು ಜನರನ್ನು ಯಂತ್ರ ‘ಹಲವು ಗಣ್ಯರು’ ಎಂದು ಎರಡೇ ಪದದಲ್ಲಿ ನುಂಗಿತ್ತು.

ತಾಲ್ಲೂಕು ಪತ್ರಿಕೋದ್ಯಮದಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಸುದ್ದಿಯನ್ನು ಯಾರು ಓದುತ್ತಾರೆ? ಓದುವುದು ಕೊನೆಯ ಪ್ಯಾರಾ, ಅದರಲ್ಲೂ ತನ್ನ ಹೆಸರು, ಆಮೇಲೆ ತನಗಿಂತ ಮುಂದೆ ಯಾರ ಹೆಸರಿದೆ ಎಂಬುದು. ಅಧ್ಯಕ್ಷರ ನಂತರ ಮಾಜಿ ಅಧ್ಯಕ್ಷರು, ಅವರಾದ ಮೇಲೆ ಶಾಮಿಯಾನ ಕೊಡಿಸಿದವರು: ಈ ಶ್ರೇಣಿ ಯಾವ ಕಂಪ್ಯೂಟರಿನಲ್ಲೂ ಇಲ್ಲ, ಪ್ರೆಸ್ಸಣ್ಣನ ತಲೆಯಲ್ಲಿದೆ. ಇಪ್ಪತ್ತೆರಡೂ ಮಂದಿ ಫೋನು ಮಾಡಿದರು. ಕೆಲವರು ಎರಡೆರಡು ಸಲ.

ಈಗ ಜೇಬಿನಲ್ಲಿ ಮತ್ತೆ ಹಳೆಯ ಪಾಕೆಟ್ ಬುಕ್ಕು, ಪೆನ್ನು ಬಂದಿವೆ. ಭಾಷಣವನ್ನು ಅಸಿಸ್ಟೆಂಟು ನೋಡಿಕೊಳ್ಳುತ್ತದೆ, ಹೆಸರುಗಳನ್ನು ಅವರೇ ಬರೆಯುತ್ತಾರೆ. ಆದ್ದರಿಂದ ಮೂರೂ ತಾಲ್ಲೂಕಿನ ಸಂಘಟಕರಲ್ಲಿ ಪ್ರೆಸ್ಸಣ್ಣನ ಪರವಾಗಿ ಒಂದು ವಿನಂತಿ: ವೇದಿಕೆಯ ಮೇಲಿದ್ದವರ ಪಟ್ಟಿಯನ್ನು ಕೈಯಲ್ಲೇ ಬರೆದು ಕೊಡಿ. ಇನಿಷಿಯಲ್ ಬಿಡಬೇಡಿ.