ದೊಡ್ಡಪ್ಪನವರ ಪಿತೃಶೋಧನೆ

ಪಿತೃಪಕ್ಷದಲ್ಲಿ ಎಳ್ಳುನೀರು ಬಿಡಲು ಕುಳಿತ ಗೃಹಸ್ಥನು ವಸು, ರುದ್ರ, ಆದಿತ್ಯ ಸ್ವರೂಪರೆಂದು ಮೂರು ತಲೆಯವರ ಹೆಸರು ಹೇಳಿದರೆ ಶಾಸ್ತ್ರವು ತೃಪ್ತಿಗೊಳ್ಳುತ್ತದೆ. ಅದರಿಂದಾಚೆಯವರನ್ನು ಅವರ ಪಾಡಿಗೆ ಬಿಟ್ಟುಬಿಡುವಷ್ಟು ದಾಕ್ಷಿಣ್ಯ ನಮ್ಮ ಶಾಸ್ತ್ರಕಾರರಿಗಿತ್ತು. ನಮ್ಮ ದೊಡ್ಡಪ್ಪನವರಿಗೆ ಆ ದಾಕ್ಷಿಣ್ಯವಿರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ 32 ವರ್ಷ ಪರರ ಖಾತೆ, ಪಹಣಿ, ಎಲ್ಲೆಕಲ್ಲುಗಳ ವ್ಯಾಜ್ಯದಲ್ಲಿ ಆಯುಷ್ಯವನ್ನು ಸವೆಸಿ, ಪಿಂಚಣಿ ಕೈಗೆ ಬಂದ ಮೊದಲ ತಿಂಗಳಲ್ಲಿಯೇ ಇನ್ನು ಸ್ವಂತ ವಂಶದ ಖಾತೆಯನ್ನು ಇತ್ಯರ್ಥ ಮಾಡುವೆನೆಂದು ಸಂಕಲ್ಪಿಸಿದ ಆ ಮಹನೀಯರು, ಹಿಂಬದಿಗೆ ಬಟ್ಟೆ ಅಂಟಿಸಿದ ಆರಡಿ ಉದ್ದದ ಕಾಗದದ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟರೆಂದರೆ, ಬಂಧುವರ್ಗದ ಮುಪ್ಪಿನವರೆಲ್ಲ ಹಿತ್ತಲ ಬಾಗಿಲನ್ನು ನೆನೆಯುತ್ತಿದ್ದರು.

ಪ್ರತಿಯೊಂದು ಮನೆತನದಲ್ಲಿಯೂ ಇಂಥವರೊಬ್ಬರು ಹುಟ್ಟಿಯೇ ಹುಟ್ಟುತ್ತಾರೆ. ಮದುವೆಮನೆಯಲ್ಲಿ ಉಳಿದವರು ಹೆಣ್ಣಿನ ರೂಪವನ್ನೋ ಹೋಳಿಗೆಯ ಹೂರಣವನ್ನೋ ವಿಮರ್ಶಿಸುತ್ತಿರುವಾಗ, ಇವರು ಪಂಕ್ತಿಯಲ್ಲಿ ಅತ್ಯಂತ ವೃದ್ಧರಾದವರ ಪಕ್ಕದ ಎಲೆಯನ್ನೇ ಹುಡುಕಿ ಕುಳಿತು, ಪಾಯಸ ಬರುವುದರೊಳಗೆ ಎರಡು ತಲೆಮಾರನ್ನು ಹಿಂಡಿ ತೆಗೆದಿರುತ್ತಾರೆ. ಕಾಯಿಲೆಯವರನ್ನು ನೋಡಲು ಹೋದಾಗಲೂ ನಮ್ಮ ದೊಡ್ಡಪ್ಪನವರ ಲೋಕೋಪಚಾರವು ಮುಗಿಯುವ ಮುನ್ನವೇ, "ನಿಮ್ಮ ಅಜ್ಜನವರ ತಾಯಿಯ ತವರು ಯಾವುದು, ನೆನಪಿದೆಯೆ?" ಎಂಬ ಪ್ರಶ್ನೆ ಹೊರಬೀಳುತ್ತಿತ್ತಾದುದರಿಂದ, ಆ ಸುರುಳಿಯು ಬಾಗಿಲಲ್ಲಿ ಕಂಡರೆ ವೈದ್ಯರು ಕೈಬಿಟ್ಟರೆಂದೇ ರೋಗಿಗಳು ತಿಳಿಯುತ್ತಿದ್ದರು.

ಈ ಶೋಧನೆಗೆ ಮೊದಲ ವಿಘ್ನವನ್ನು ಒಡ್ಡಿದವರು ಪೂರ್ವಿಕರೇ. ಮೊಮ್ಮಗನಿಗೆ ತಾತನ ಹೆಸರಿಡುವ ಸಂಪ್ರದಾಯ ನಮ್ಮದಾದುದರಿಂದ, ಮನೆದೇವರ ಒಂದೇ ನಾಮಧೇಯವನ್ನು ತಲೆ ಬಿಟ್ಟು ತಲೆಯಂತೆ ಧರಿಸಿದವರೆಲ್ಲ ಹಳೆಯ ಪತ್ರಗಳಲ್ಲಿ ಒಬ್ಬರ ಸಾಲವನ್ನು ಮತ್ತೊಬ್ಬರ ತಲೆಗೆ ಕಟ್ಟಿ ತಾವು ಪಾರಾಗಿದ್ದರು. ಮನೆಯ ಹೆಂಗಸರೇನೋ ಇವರನ್ನು ಗಡ್ಡದ ತಾತ, ಏಕಾದಶಿ ತಾತ, ಜಗಲಿ ತಾತ ಎಂದು ಎಂದೋ ವಿಂಗಡಿಸಿದ್ದರು. ಅದು ಶಾಸ್ತ್ರೀಯವಲ್ಲವೆಂದು ತಳ್ಳಿಹಾಕಿದ ದೊಡ್ಡಪ್ಪನವರು ರಾಜವಂಶಗಳ ಮರ್ಯಾದೆಯಂತೆ ಪ್ರಥಮ, ದ್ವಿತೀಯ, ತೃತೀಯ ಎಂದು ಪಟ್ಟ ಕಟ್ಟಿದರು. ತೃತೀಯರು ಆಮರಣಾಂತ ಆ ಜಗಲಿಯನ್ನು ಬಿಟ್ಟು ಎದ್ದವರಲ್ಲವೆಂಬುದು ಬೇರೆ ಮಾತು.

ಎರಡನೆಯ ವಿಘ್ನ ಕಾಲದ್ದು. ಅಟ್ಟದ ಮೇಲೆ, ಒಡೆದ ಉಪ್ಪಿನಕಾಯಿ ಭರಣಿಯ ಹಿಂದೆ, ಒಂದು ಕಡತ ಸಿಕ್ಕಿತು. ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಆ ಕಪ್ಪು ಪುಸ್ತಕದ ಗುಣವೂ ದೋಷವೂ ಒಂದೇ: ಒದ್ದೆ ಅರಿವೆಯಿಂದ ಒರಸಿ ಮತ್ತೆ ಬರೆಯಬಹುದು. ಅಂತೆಯೇ ನಮ್ಮ ವಂಶೇತಿಹಾಸದ ಮುಕ್ಕಾಲು ಪಾಲನ್ನು ಯಾವಳೋ ದಕ್ಷಳಾದ ಗೃಹಿಣಿಯು ಒರಸಿ ಅಗಸನ ಲೆಕ್ಕ ಬರೆದಿಟ್ಟಿದ್ದಳು. ಉಳಿದ ಒಂದು ಮಡಿಕೆಯಲ್ಲಿ ಈಶ್ವರ ಸಂವತ್ಸರದ ಕಾರ್ತಿಕ ಮಾಸ, 2 ಕೊಳಗ ರಾಗಿ, ಒಂದು ಹಿತ್ತಾಳೆ ಚೊಂಬು ಎಂಬಷ್ಟು ಮಾತ್ರ ಓದಲು ಬರುತ್ತಿತ್ತು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅದು 1877 ಆಗಬಹುದು, 1817 ಆಗಬಹುದು. 1877 ಎಂದರೆ ಧಾತು ಈಶ್ವರದ ಮಹಾಕ್ಷಾಮ. ಮೈಸೂರು ಸೀಮೆಯ ಜನ ಮನೆಯ ಪಾತ್ರೆಪದಾರ್ಥವನ್ನು ಹೊತ್ತೊಯ್ದು ಕಾಳು ತಂದ ಕಾಲ. ಚೊಂಬು ಯಾವ ಕಡೆಗೆ ಹೋಯಿತು, ರಾಗಿ ಯಾವ ಕಡೆಯಿಂದ ಬಂದಿತು ಎಂಬುದು ಹಸಿವೆಂದರೇನೆಂದು ಬಲ್ಲ ಯಾರಿಗಾದರೂ ಹೊಳೆಯುತ್ತಿತ್ತು. ದೊಡ್ಡಪ್ಪನವರು ಮಾತ್ರ 1817 ಎಂದೇ ನಿರ್ಣಯಿಸಿ, ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ರಾಜ್ಯವಾಳುತ್ತಿದ್ದ ಆ ಕಾಲದಲ್ಲಿ ನಮ್ಮವರು ರಾಗಿಯನ್ನು ದಾನ ಮಾಡುತ್ತಿದ್ದರೆಂದೂ, ಚೊಂಬು ಅದಕ್ಕಾಗಿ ಅರಮನೆಯಿಂದ ಬಂದ ಮರ್ಯಾದೆಯೆಂದೂ ಭಾಷ್ಯ ಬರೆದರು.

ಎದುರುಮನೆಯ ಗೌಡರಿಗೆ ಈ ಕಷ್ಟವೊಂದೂ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ಗಂಟೆ ಕಟ್ಟಿದ ಎತ್ತನ್ನೇರಿ ಬರುವ ಹೆಳವನು ಅವರ ಬಾಗಿಲಲ್ಲಿ ನಿಂತು, ಮೂಲಪುರುಷನಿಂದ ತೊಟ್ಟಿಲ ಕೂಸಿನವರೆಗೆ ಇಡೀ ಮನೆತನವನ್ನು ಬಾಯಿಪಾಠವಾಗಿ ಒಪ್ಪಿಸಿ, ಮೊರದ ತುಂಬ ಕಾಳು ಪಡೆದು ಹೋಗುತ್ತಿದ್ದನು. ದೊಡ್ಡಪ್ಪನವರು ಕಿಟಕಿಯ ಸರಳು ಹಿಡಿದು ಕೇಳುವರು. ಒಮ್ಮೆ ತಡೆಯಲಾರದೆ ಬೀದಿಗಿಳಿದು, "ನಮ್ಮ ಮನೆಯದೇನಾದರೂ ಗೊತ್ತೇನಪ್ಪಾ?" ಎಂದು ಕೇಳಿಯೇಬಿಟ್ಟರು. ಆತನು ಇವರನ್ನೂ ಸುರುಳಿಯನ್ನೂ ಒಮ್ಮೆ ನೋಡಿ, "ನೀವು ನಮ್ಮ ಒಕ್ಕಲಲ್ಲ ಬುದ್ಧೀ" ಎಂದು ಎತ್ತನ್ನು ಮುಂದಕ್ಕೆ ಹೊಡೆದನು.

ಇಷ್ಟಾದರೂ ಅವರ ಧೈರ್ಯವು ಕುಗ್ಗದಿದ್ದುದಕ್ಕೆ ಕಾರಣ ನಡುಮನೆಯ ಗೋಡೆಯ ಮೇಲಿದ್ದ ಒಂದು ಪಟ. ಜರಿಪೇಟ, ಮುಚ್ಚುಕೋಟು, ಎದೆಯ ಮೇಲೆ ಗಡಿಯಾರದ ಸರಪಣಿ, ಪಕ್ಕದ ಮೇಜಿನ ಮೇಲೆ ದಪ್ಪ ಪುಸ್ತಕ, ಬೆನ್ನ ಹಿಂದೆ ಪರದೆಯ ಮೇಲೆ ಬರೆದ ಕಂಬಗಳು: ಇವರೇ ದೊಡ್ಡಪ್ಪನವರ ಮುತ್ತಾತ. ಇಂಥ ಠೀವಿಯವರು ಅಮಲ್ದಾರಿಕೆಗಿಂತ ಕಡಮೆಯ ಹುದ್ದೆಯಲ್ಲಿದ್ದಿರಲಾರರೆಂದು ಸುರುಳಿಯಲ್ಲಿ ಕೆಂಪು ಶಾಯಿಯಿಂದ ದಾಖಲಾಗಿತ್ತು. ಆ ಪಟ ತೆಗೆದದ್ದನ್ನು ಕಣ್ಣಾರೆ ಕಂಡು ಇನ್ನೂ ಉಳಿದಿದ್ದವರು ಎಂಬತ್ತೈದು ದಾಟಿದ ಸೋದರತ್ತೆಯೊಬ್ಬರೇ. ದೊಡ್ಡಪ್ಪನವರು ಅದನ್ನು ಇಳಿಸಿ ಅವರ ಮಡಿಲಲ್ಲಿಟ್ಟಾಗ ನಾನೂ ಜೊತೆಯಲ್ಲಿದ್ದೆ. ಆ ವೃದ್ಧೆ ಸೆರಗಿನಿಂದ ಗಾಜನ್ನು ಒರಸಿ, ಬಹಳ ಹೊತ್ತು ನೋಡಿ, ಬೊಚ್ಚುಬಾಯಿ ತುಂಬ ನಕ್ಕರು.

"ಪೇಟ ನಮ್ಮ ತಾತನದಲ್ಲ ಕಣೋ. ಮಠದವರ ಜೊತೆ ದಸರೆಗೆ ಮೈಸೂರಿಗೆ ಹೋಗಿದ್ದಾಗ ಪಟ ತೆಗೆಯೋನು ಕೊಟ್ಟದ್ದು. ಕೋಟೂ ಅವನದೇ, ಸರಪಣೀನೂ ಅವನದೇ. ಅದರ ತುದಿಗೆ ಗಡಿಯಾರ ಎಲ್ಲಿತ್ತು? ನಮಗಿಂತ ಮುಂಚೆ ಕೂತೋರೂ ಅದನ್ನೇ ಹಾಕ್ಕೊಂಡಿದ್ದರು. ತಾತ ಬೆವತು ಪೇಟವೆಲ್ಲ ಒದ್ದೆಯಾಯ್ತು ಅಂತ ಅವನು ಬೈದ."

"ಮತ್ತೆ ಪುಸ್ತಕ, ಅತ್ತೆ?"

"ಓದೋಕೆ ಬರ್ತಿದ್ದರೆ ತಲೆಕೆಳಗಾಗಿ ಇಟ್ಟುಕೊಳ್ತಿದ್ದನೇನೋ? ಮಠದಲ್ಲಿ ಅಡಿಗೆಗಿದ್ದ. ಅವನು ತೊವ್ವೆಗೆ ಒಗ್ಗರಣೆ ಹಾಕಿದರೆ ಮೂರು ಬೀದಿಗೆ ಗೊತ್ತಾಗ್ತಿತ್ತು."

ದೊಡ್ಡಪ್ಪನವರು ಮಾತನಾಡಲಿಲ್ಲ. ಮಾತನಾಡಿಸುವ ಧೈರ್ಯ ನನಗೂ ಇಲ್ಲದೆ ಪಟವನ್ನೇ ನೋಡುತ್ತಿರಲು, ಅಷ್ಟು ವರ್ಷಗಳಿಂದ ಕಣ್ಣಿಗೆ ಬಿದ್ದೂ ಕಾಣದಿದ್ದ ಒಂದು ವಿಷಯ ಕಂಡಿತು. ಚೌಕಟ್ಟಿನ ಅಂಚಿನಲ್ಲಿ, ಕುರ್ಚಿಯ ತೋಳಿನ ಮೇಲೆ, ಮಣಿಕಟ್ಟಿನವರೆಗೆ ಮಾತ್ರ, ಬಳೆ ತೊಟ್ಟ ಒಂದು ಬಲಗೈ ಇತ್ತು. ಅಲುಗಾಡಬೇಡವೆಂದು ಪಟದವನು ಗದರಿದ್ದನೋ ಏನೋ, ಬೆರಳುಗಳು ಕುರ್ಚಿಯ ಮರವನ್ನು ಬಿಗಿಯಾಗಿ ಅದುಮಿದ್ದುವು.

"ಅದು ನಮ್ಮಜ್ಜಿ," ಎಂದರು ಅತ್ತೆಯವರು. "ಚೌಕಟ್ಟು ಚಿಕ್ಕದಾಯ್ತು ಅಂತ ಕಟ್ಟು ಹಾಕೋನು ಕತ್ತರಿಸಿಬಿಟ್ಟ."

ದೊಡ್ಡಪ್ಪನವರ ಕೈ ತಾನಾಗಿ ಪೆನ್ಸಿಲಿಗೆ ಹೋಯಿತು. "ಹೆಸರೇನು ಅವರದು?"

ಅತ್ತೆಯವರು ತುಂಬ ಹೊತ್ತು ಯೋಚಿಸಿದರು. "ನಾವು ಅಜ್ಜಿ ಅಂತಿದ್ದೆವು. ತಾತ 'ಇವಳೇ' ಅಂತಿದ್ದ."

ನಾಲ್ಕು ದಿನ ಸುರುಳಿ ಬಿಚ್ಚಲಿಲ್ಲವೆಂದು ದೊಡ್ಡಮ್ಮ ಗಾಬರಿಯಾಗಿ ಹೇಳಿ ಕಳುಹಿಸಿದರು. ಐದನೆಯ ದಿನ ನಾನು ಹೋಗಿ ನೋಡುವಷ್ಟರಲ್ಲಿ ಅಮಲ್ದಾರಿಕೆಯನ್ನು ಬ್ಲೇಡಿನಿಂದ ಕೆರೆದು, ಆ ಜಾಗದಲ್ಲಿ 'ಪಾಕಶಾಸ್ತ್ರ ವಿಶಾರದ' ಎಂದು ಬರೆದಾಗಿತ್ತು. ಗಂಡಸರ ಹೆಸರುಗಳನ್ನೇ ಬಿಟ್ಟಿದ್ದ ಆ ವೃಕ್ಷದಲ್ಲಿ ಅವರ ಪಕ್ಕಕ್ಕೆ, ಶಾಯಿ ಇನ್ನೂ ಆರದ ಒಂದು ಹೊಸ ಚೌಕವಿತ್ತು. ಅದರೊಳಗೆ ಕಚೇರಿಯ ದುಂಡಕ್ಷರದಲ್ಲಿ, 'ಧರ್ಮಪತ್ನಿ. ಬಲಗೈ ಮಾತ್ರ ಉಪಲಬ್ಧ.'