ಪ್ರಶ್ನಾರ್ಥಕ ಚಿಹ್ನೆಯ ನೆಂಟರು

ಚುಂಚನಕಟ್ಟೆಯಲ್ಲಿ ಹುಟ್ಟಿ ಬೇರೆ ಊರಲ್ಲಿ ಅನ್ನ ಕಂಡುಕೊಂಡವರಿಗೆಲ್ಲ ಆಷಾಢ ಬಂತೆಂದರೆ ಒಂದೇ ಕಾಯಿಲೆ. ಮೈಸೂರಿನ ಕುವೆಂಪುನಗರದಿಂದ ಹಿಡಿದು ಅಮೆರಿಕದ ಡಲ್ಲಾಸ್‌ವರೆಗೆ ಎಲ್ಲರೂ ಕೇಳುವುದು ಒಂದೇ ಮಾತು: "ನೀರು ಬಂತಾ?" ಊರಲ್ಲಿದ್ದಷ್ಟು ದಿನ ಎಮ್ಮೆ ಮೈ ತೊಳೆಯುವುದಕ್ಕಷ್ಟೇ ಹೊಳೆಗಿಳಿಯುತ್ತಿದ್ದವರು ಇವರು. ಜಲಪಾತ ನೋಡಲು ವ್ಯಾನು ಮಾಡಿಕೊಂಡು ಬಂದ ಪರಸ್ಥಳದವರನ್ನು ಕಂಡು "ಇದರಲ್ಲೇನು ಕಂಡ್ರೋ" ಅಂತ ಆಡಿಕೊಳ್ಳುತ್ತಿದ್ದವರೂ ಇವರೇ. ಈಗ ಕೊಡಗಿನಲ್ಲಿ ನಾಲ್ಕು ಹನಿ ಬಿದ್ದದ್ದು ಟೀವಿಯಲ್ಲಿ ಬಂದರೆ ಸಾಕು, ಡಲ್ಲಾಸಿನಲ್ಲಿ ನಿದ್ದೆ ಹಾರಿಹೋಗುತ್ತದೆ.

ಅವರಿಗೆಲ್ಲ ಉತ್ತರ ಬರೆಯುವುದು ಮೇಷ್ಟ್ರಗಿರಿಯಿಂದ ನಿವೃತ್ತನಾದ ನನ್ನ ಪಾಲಿಗೆ ಬಂದ ಸಂಬಳವಿಲ್ಲದ ನೌಕರಿ. ಹಾರಂಗಿ ತುಂಬಿ ಬಾಗಿಲು ತೆಗೆದರು, ನೀರು ಕಣಿವೆ ದಾಟಿತು, ರಾಮನಾಥಪುರ ದಾಟಿತು ಎಂದು ಗೊತ್ತಾದ ಮೇಲೆ ಕೊಡೆ ಹಿಡಿದು ಕೋದಂಡರಾಮನ ಗುಡಿಯ ಬಳಿ ಹೋಗಿ ನಿಲ್ಲುತ್ತೇನೆ. ಕಾವೇರಿ ಅಲ್ಲಿ ಎರಡು ಕವಲಾಗಿ ಧುಮುಕುತ್ತಾಳೆ. ಆ ಸದ್ದು ಗುಡಿಯ ಅಂಗಳದಲ್ಲೆಲ್ಲ ಕೇಳಿದರೂ ಗರ್ಭಗುಡಿಯೊಳಗೆ ಕೇಳುವುದಿಲ್ಲ ಎಂಬುದು ನಮ್ಮೂರ ಹೆಗ್ಗಳಿಕೆ. ನೋಡಿಕೊಂಡು ಬಂದು ಒಂದು ಇ-ಮೇಲ್ ಬರೆಯುತ್ತೇನೆ. "ಒಂದು ಕವಲು ತುಂಬಿದೆ, ಇನ್ನೊಂದು ನಾಳೆ ನಾಡಿದ್ದು. ಬಣ್ಣ ಕೆಂಪು. ಕಾಲಿಡಬೇಡಿ." ಇಷ್ಟೇ. ಇಷ್ಟಕ್ಕೇ ಕೆಲವರು ಕಣ್ಣೀರು ಬಂತೆಂದು ಬರೆಯುತ್ತಾರೆ. ಸಂಕ್ರಾಂತಿಯ ಸುಮಾರಿಗೆ ಜಾತ್ರೆಯ ಕಾಗದ ಹೋಗುವುದೂ ಇದೇ ದಾರಿಯಲ್ಲಿ. ದನದ ಜಾತ್ರೆಗೆ ಎಂಥ ಜೋಡಿ ಬಂದಿವೆ, ಎಷ್ಟಕ್ಕೆ ಹೋದವು ಎಂಬುದೂ ಅದರಲ್ಲಿರಬೇಕು. ಎಂದೂ ಎತ್ತು ಕಟ್ಟದವರೇ ಆ ಬೆಲೆಯನ್ನು ಹೆಚ್ಚು ಕೇಳುವವರು.

ಈ ಎಲ್ಲ ವಿಳಾಸಗಳೂ ನನ್ನ ಕಂಪ್ಯೂಟರಿನ ಔಟ್‌ಲುಕ್ ಎಕ್ಸ್‌ಪ್ರೆಸ್ಸಿನ ಅಡ್ರೆಸ್ ಬುಕ್ಕಿನಲ್ಲಿ, ಹೆಸರು ಕನ್ನಡದಲ್ಲೇ, ನೆಮ್ಮದಿಯಾಗಿ ಇದ್ದವು. ಕಂಪ್ಯೂಟರಿನಲ್ಲಿದ್ದದ್ದು 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ. 2014ರ ಏಪ್ರಿಲ್ 8ರಂದು ಮೈಕ್ರೋಸಾಫ್ಟಿನವರು ಅದರ ಉಸ್ತುವಾರಿ ಬಿಟ್ಟರು. ಬಿಟ್ಟ ಮೇಲೂ ಅದು ಹಾಯಾಗಿ ನಡೆಯುತ್ತಿತ್ತು. ಆದರೆ ಬೆಂಗಳೂರಿನ ಮಗ ದಿನಾ ಫೋನು ಮಾಡಿ, "ಅಪ್ಪಾ, ಅದರಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ, ಇನ್ಮೇಲೆ ಅದಕ್ಕೆ ರಿಪೇರಿ ಮಾಡೋರಿಲ್ಲ, ಸೆವೆನ್ ಹಾಕಿಸಿ" ಎಂದು ಹೆದರಿಸಿದ. ಕೆ.ಆರ್. ನಗರದಿಂದ ಒಬ್ಬ ಹುಡುಗನನ್ನು ಕರೆಸಿದ್ದಾಯಿತು.

"ಆಷಾಢದಲ್ಲಿ ಹೊಸ ಸೊಸೇನೇ ತವರಿಗೆ ಕಳಿಸ್ತಾರೆ. ನೀವು ಹೊಸ ವಿಂಡೋಸ್ ಮನೆ ತುಂಬಿಸ್ಕೋತೀರಲ್ರೀ" ಎಂದು ನನ್ನ ಹೆಂಡತಿ ಒಳಗಿನಿಂದಲೇ ಅಂದಳು. ಹುಡುಗ ಕೇಳಿಸಿಕೊಂಡು ನಕ್ಕ. ನಾನು ನಗಲಿಲ್ಲ, ನನಗೆ ಅವಳ ಬಾಯಿಯ ಅನುಭವವಿದೆ.

ಹುಡುಗ ಜಾಣನೇ. "ಏನೂ ಟೆನ್ಷನ್ ಮಾಡ್ಕೋಬೇಡಿ ಸಾರ್, ಎಲ್ಲಾ ಬ್ಯಾಕಪ್ ತಗೊಂಡಿವ್ನಿ" ಎಂದು ಪೆನ್‌ಡ್ರೈವ್ ತೋರಿಸಿದ. ಸಂಜೆಯ ಹೊತ್ತಿಗೆ ಪರದೆ ಹೊಸದಾಗಿ, ನೀಲಿಯಾಗಿ ಹೊಳೆಯಿತು. ಐಕಾನುಗಳೆಲ್ಲ ಜಾಗ ಬದಲಿಸಿದ್ದವು. ಅದಕ್ಕೆ ನಾನು ಹೆದರುವವನಲ್ಲ. ಸಾಮಾನ್ಯವಾಗಿ ರಾಮನ ಎಡಕ್ಕೆ ನಿಲ್ಲುವ ಸೀತಮ್ಮ ನಮ್ಮೂರ ಗುಡಿಯಲ್ಲಿ ಬಲಕ್ಕೆ ನಿಂತಿದ್ದಾಳೆ, ಎಡಬಲಗಳ ವಿಷಯದಲ್ಲಿ ನಮ್ಮದು ಉದಾರ ಊರು. ಆದರೆ ಔಟ್‌ಲುಕ್ ಎಕ್ಸ್‌ಪ್ರೆಸ್ ಎಡಕ್ಕೂ ಇರಲಿಲ್ಲ, ಬಲಕ್ಕೂ ಇರಲಿಲ್ಲ. ವಿಂಡೋಸ್ ಸೆವೆನ್ನಿನ ಜೊತೆ ಮೇಲ್ ಪ್ರೋಗ್ರಾಮೇ ಬರುವುದಿಲ್ಲವಂತೆ. ಹುಡುಗ ವಿಂಡೋಸ್ ಲೈವ್ ಮೇಲ್ ಎಂಬುದನ್ನು ಇಳಿಸಿಕೊಟ್ಟು, ಪೆನ್‌ಡ್ರೈವಿನ ಫೈಲನ್ನು ಅದಕ್ಕೆ ತಿನ್ನಿಸಿ, "ಬಂತು ನೋಡಿ ಸಾರ್" ಎಂದು ಕೊನೆಯ ಬಸ್ಸಿಗೆ ಓಡಿದ.

ಬಂದದ್ದೇನೋ ನಿಜ. ಹೆಸರಿನ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಬರೀ ಪ್ರಶ್ನಾರ್ಥಕ ಚಿಹ್ನೆ. ಒಬ್ಬರ ಹೆಸರೂ ಇಲ್ಲ.

ಕಾರಣ ಆಮೇಲೆ ತಿಳಿಯಿತು. ಹುಡುಗ ವಿಳಾಸಗಳನ್ನು ಸಿಎಸ್‌ವಿ ಎಂಬ ಫೈಲಾಗಿ ಹೊರತೆಗೆದಿದ್ದ. ಹೆಸರು, ಒಂದು ಅಲ್ಪವಿರಾಮ, ವಿಳಾಸ, ಇನ್ನೊಂದು ಅಲ್ಪವಿರಾಮ, ಹೀಗೆ ಸಾಗುವ ಬಡಪಾಯಿ ಫೈಲು ಅದು. ಅದನ್ನು ಬರೆಯುವಾಗ ಔಟ್‌ಲುಕ್ ಎಕ್ಸ್‌ಪ್ರೆಸ್ ಯೂನಿಕೋಡ್ ಬಳಸದೆ ವಿಂಡೋಸಿನ ಹಳೇ ಅಕ್ಷರಪಟ್ಟಿಯನ್ನು ಹಿಡಿಯುತ್ತದೆ. ಅಂಥ ಪಟ್ಟಿ ರಷ್ಯನ್ನಿಗೆ ಇತ್ತು, ಗ್ರೀಕಿಗೆ ಇತ್ತು, ಥಾಯ್ ಭಾಷೆಗೂ ಇತ್ತು. ಕನ್ನಡಕ್ಕೆ ಮಾಡಿರಲೇ ಇಲ್ಲ. ಪಟ್ಟಿಯಲ್ಲಿಲ್ಲದ ಪ್ರತಿಯೊಂದು ಅಕ್ಷರಕ್ಕೂ ಅದು ಒಂದು ಪ್ರಶ್ನೆ ಹಾಕುತ್ತದೆ. ಕಾಗುಣಿತಕ್ಕೆ ಒಂದು, ಒತ್ತಕ್ಷರದೊಳಗೆ ಅಡಗಿರುವ ಅರ್ಧಾಕ್ಷರ ಚಿಹ್ನೆಗೆ ಇನ್ನೊಂದು. ಹಾಗಾಗಿ ರಾಮಣ್ಣನಿಗೆ ಆರು ಪ್ರಶ್ನೆ, ಸೀತಮ್ಮನಿಗೂ ಆರೇ ಪ್ರಶ್ನೆ. ರಾಮೇಗೌಡನಿಗೆ ಏಳು. ಕೋದಂಡನಿಗೆ ಐದು. ಗುಡಿಯ ದೆಸೆಯಿಂದ ನಮ್ಮೂರಲ್ಲಿ ಎತ್ತ ಕಲ್ಲು ಬೀರಿದರೂ ಒಬ್ಬ ರಾಮನಿಗೆ ತಾಗುತ್ತದೆ. ಹೆಸರು ಸರಿಯಿದ್ದಾಗಲೇ ಯಾವ ರಾಮ ಎಂದು ತಿಳಿಯಲು ಅಪ್ಪನ ಹೆಸರು ಬೇಕು. ಇನ್ನು ಪ್ರಶ್ನೆಗಳನ್ನು ಎಣಿಸಿ ರಾಮರನ್ನು ಗುರುತಿಸುವುದೆಂದರೆ!

ಉಳಿದದ್ದು ಇಂಗ್ಲಿಷಿನಲ್ಲಿದ್ದ ಇ-ಮೇಲ್ ಐಡಿಗಳು. ಜನ ತಮ್ಮ ಹೆಸರನ್ನೇ ಐಡಿ ಮಾಡಿಕೊಂಡಿದ್ದರೆ ಅಷ್ಟು ಕಷ್ಟವಿರಲಿಲ್ಲ. ಜಿಮೇಲ್ ಶುರುವಾದದ್ದು 2004ರಲ್ಲಿ. ನಮ್ಮ ಹುಡುಗರು ಸೈಬರ್ ಕೆಫೆ ಹೊಕ್ಕು ಐಡಿ ಕೇಳುವ ಹೊತ್ತಿಗೆ ಲೋಕದ ರಾಮರೆಲ್ಲ ಮುಗಿದಿದ್ದರು. ಸರಿ, ಹೆಸರಿನ ಹಿಂದೆ ಮುಂದೆ ಏನೇನೋ ಅಂಟಿಸಿಕೊಂಡರು. ಒಬ್ಬ 'ರಾಮ್‌ಕೂಲ್', ಒಬ್ಬ 'ಕಟ್ಟೆಕಿಂಗ್'. ಬಹುತೇಕರು ಹುಟ್ಟಿದ ಇಸವಿ ಹಚ್ಚಿಕೊಂಡರು.

ಆ ಪಟ್ಟಿಯನ್ನು ಪ್ರಿಂಟು ಹಾಕಿಸಿ ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೆ ಒಯ್ದೆ. ಅಲ್ಲಿ ಅರ್ಧದಷ್ಟು ಜನ ಪತ್ತೆಯಾದರು, ಜೊತೆಗೆ ಒಂದು ಜಗಳವೂ ಆಯಿತು. ಒಂದೇ ಐಡಿ ಎರಡು ಕಡೆ ಇತ್ತು, ಒಂದರಲ್ಲಿ ನಡುವೆ ಚುಕ್ಕೆ, ಇನ್ನೊಂದರಲ್ಲಿ ಚುಕ್ಕೆಯಿಲ್ಲ. ಚುಕ್ಕೆಯಿರುವವನು ಅಣ್ಣ, ಇಲ್ಲದವನು ತಮ್ಮ ಎಂದು ಒಂದು ಪಕ್ಷ; ಅಲ್ಲ, ಚುಕ್ಕೆಯಿಲ್ಲದವನೇ ದೊಡ್ಡವನು ಎಂದು ಇನ್ನೊಂದು. ಎರಡು ರೌಂಡು ಟೀ ಆಯಿತು. ಜಿಮೇಲ್ ಚುಕ್ಕೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಚುಕ್ಕೆ ಇಟ್ಟರೂ ಬಿಟ್ಟರೂ ಡಬ್ಬಿ ಒಂದೇ ಎಂದು ನಾನು ಹೇಳಿದ್ದು ಯಾರಿಗೂ ಹಿಡಿಸಲಿಲ್ಲ. ಅಣ್ಣತಮ್ಮಂದಿರು ಪಾಲಾಗಿ ಎಷ್ಟೋ ವರ್ಷವಾಗಿದೆ, ಡಬ್ಬಿ ಹೇಗೆ ಒಂದೇ ಆಗುತ್ತದೆ?

ಉಳಿದವರನ್ನು ಬಿಡಿಸಿಕೊಟ್ಟವಳು ನಮ್ಮ ಪಕ್ಕದ ಮನೆಯ ಅಜ್ಜಿ. ಓದು ಬರಹ ಇಲ್ಲ, ಕೆ.ಆರ್. ನಗರಕ್ಕೆ ಇವತ್ತಿಗೂ ಎಡತೊರೆ ಅನ್ನುತ್ತಾಳೆ, ಕಂಪ್ಯೂಟರಿಗೆ 'ಆ ಟೀವಿ'. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಆಷಾಢದಲ್ಲಿ ಅವರೆಕಾಯಿ ಎಲ್ಲಿಂದ ಬರಬೇಕು. ಸುಮ್ಮನೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು. ನಾನು ಐಡಿ ಓದುವುದು, ಅವಳು ಇಸವಿಯ ಮೇಲೆ ಲೆಕ್ಕ ಹಾಕುವುದು.

"ದೇವು, ಎಂಬತ್ತೆರಡು" ಎಂದೆ.

"ಎಂಬತ್ತೆರಡು ಅಂದ್ರೆ ಅರಸಿನೋರು ತೀರ್ಕೊಂಡ್ ವರ್ಸ ಅಲ್ವೇನಪ್ಪ? ಆ ವರ್ಸ ಹುಟ್ದೋನ್ಗೆ ಅವ್ರ್ ಹೆಸ್ರೇ ಮಡಗುದ್ರು. ಸುಗರ್ ಫ್ಯಾಕ್ಟ್ರಿ ಕ್ವಾಟ್ರಸ್‌ನಲ್ಲಿ ಬೆಳ್ದೋನು. ಮಿರ್ಲೆಯಿಂದ ಹೆಣ್ ತಂದವ್ನೆ."

ನೋಡಿದರೆ ಸರಿ. ದೇವರಾಜ ಅರಸರು ಪಕ್ಕದ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು, ತೀರಿಕೊಂಡದ್ದು 1982ರಲ್ಲೇ. ಮಿಕ್ಕವರ ಇಸವಿಗೂ ಅಜ್ಜಿಯ ಬಳಿ ಏನಾದರೊಂದು ಗುರುತಿತ್ತು: ಮಳೆ ಹುಯ್ದದ್ದು, ಹುಯ್ಯದ್ದು, ಯಾರದೋ ಹಸು ಈದದ್ದು, ಯಾರದೋ ಮದುವೆ ಮುರಿದದ್ದು. ಮದುವೆ ಮುರಿದ ಕಥೆಗಳು ಪಟ್ಟಿಗಿಂತ ಉದ್ದವಾಗಿದ್ದವು. ನನಗೆ ಬೇಕಾದದ್ದು ಹೆಸರು ಮಾತ್ರ, ಅವಳು ವಂಶವೃಕ್ಷವಿಲ್ಲದೆ ಹೆಸರು ಕೊಡುವವಳಲ್ಲ. ಹೆಸರುಗಳ ನಡುವೆ ತೀರಿಕೊಂಡವರೂ ಸಿಕ್ಕರು. ಅವರನ್ನು ಅಳಿಸಲು ಹೊರಟರೆ ಕಂಪ್ಯೂಟರು ಖಾತ್ರಿಯೇನು ಎಂದು ಕೇಳಿತು. ಅದನ್ನು ಓದಿ ಹೇಳಿದ್ದಕ್ಕೆ ಅಜ್ಜಿ, "ತಿಥಿ ಊಟ ಉಂಡ್ಬಂದಿವ್ನಿ, ಒತ್ತಪ್ಪ" ಎಂದಳು.

ಇಷ್ಟೆಲ್ಲ ಆದ ಮೇಲೆ, ಮಗ ಫೋನಿನಲ್ಲಿ ಒಂದು ಮಾತು ಅಂದ. ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ಸೆವೆನ್ ಹಾಕಿದ್ದರೆ ಹಳೆಯದೆಲ್ಲ 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರಿನಲ್ಲಿ ಹಾಗೇ ಕೂತಿರುತ್ತದೆ. ಅಡ್ರೆಸ್ ಬುಕ್ಕಿನ ಅಸಲು ಫೈಲು ಡಬ್ಲ್ಯೂಎಬಿ ಎಂದು ಕೊನೆಗೊಳ್ಳುತ್ತದೆ, ಅದರಲ್ಲಿ ಕನ್ನಡ ಕೆಡುವುದಿಲ್ಲ. ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಕೇಳಿದೆ. ನೀವು ಕೇಳಲಿಲ್ಲವಲ್ಲ ಎಂದ. ಸಾಫ್ಟ್‌ವೇರಿನಲ್ಲಿರುವ ಮಕ್ಕಳೆಲ್ಲ ಹೀಗೇ.

ಫೋಲ್ಡರು ಸಿಕ್ಕಿತು. ಒಳಗೆ ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್, ಅದರೊಳಗೆ ನನ್ನ ಹೆಸರಿನ ಫೋಲ್ಡರು. ಒತ್ತಿದೆ. ನಿಮಗೆ ಇದನ್ನು ತೆರೆಯುವ ಅನುಮತಿ ಇಲ್ಲ ಎಂದಿತು. ನನ್ನ ಹೆಸರು, ನನ್ನ ಕಂಪ್ಯೂಟರು, ನನ್ನ ಫೋಲ್ಡರು. ಅನುಮತಿ ಇಲ್ಲದವನೂ ನಾನೇ. ವಿಂಡೋಸ್ ಮನುಷ್ಯನನ್ನು ಹೆಸರಿನಿಂದ ಗುರುತಿಸುವುದಿಲ್ಲವಂತೆ. ಪ್ರತಿಯೊಬ್ಬ ಬಳಕೆದಾರನಿಗೂ ಎಸ್-1-5-21 ಎಂದು ಶುರುವಾಗುವ ಉದ್ದನೆಯ ನಂಬರು ಕೊಡುತ್ತದೆ, ಹೊಸದಾಗಿ ಹಾಕಿದಾಗ ನಂಬರೂ ಹೊಸದು. ಎಕ್ಸ್‌ಪಿಯ ನಾನು ಬೇರೆ, ಸೆವೆನ್ನಿನ ನಾನು ಬೇರೆ. ಹಳೆಯ ನಾನು ಗತಿಸಿದ್ದೇನೆ, ಆಸ್ತಿ ಮಾತ್ರ ಅವನ ಹೆಸರಲ್ಲಿದೆ. ನಾಡಕಚೇರಿಯಲ್ಲಿ ಪೌತಿ ಖಾತೆ ಮಾಡಿಸಿ ಅನುಭವವಿದ್ದವನಿಗೆ ಇದು ತಕ್ಷಣ ಅರ್ಥವಾಯಿತು. ಪ್ರಾಪರ್ಟೀಸ್‌ಗೆ ಹೋಗಿ, ಸೆಕ್ಯೂರಿಟಿ, ಅಡ್ವಾನ್ಸ್ಡ್, ಓನರ್ ಎಂದು ಒಂದೊಂದೇ ಟೇಬಲ್ಲು ದಾಟಿ, ಹಳೆಯ ಮಾಲೀಕನನ್ನು ತೆಗೆದು ನನ್ನನ್ನು ಕೂರಿಸಿದೆ. ಯಾರಿಗೂ ಕಾಫಿ ತಿಂಡಿಗೆ ಕೊಡಬೇಕಾಗಲಿಲ್ಲ. ಒಳಹೊಕ್ಕರೆ ಬೇಕಾದ ಫೋಲ್ಡರು ಕಾಣಿಸಲೇ ಇಲ್ಲ, ಅಪ್ಲಿಕೇಶನ್ ಡೇಟಾ ಎಂಬುದನ್ನು ವಿಂಡೋಸು ಅಡಗಿಸಿಟ್ಟಿರುತ್ತದೆ. ಅಡಗಿದ್ದನ್ನು ಕಾಣಿಸುವ ಹಾಗೆ ಮಾಡಿ ಮೈಕ್ರೋಸಾಫ್ಟ್, ಅದರೊಳಗೆ ಅಡ್ರೆಸ್ ಬುಕ್, ಅದರೊಳಗೆ ಕೊನೆಗೂ ಆ ಫೈಲು. ಇಂಪೋರ್ಟ್ ಒತ್ತಿದೆ. ರಾಮಣ್ಣ, ಸೀತಮ್ಮ, ಕೋದಂಡ, ಎಲ್ಲರೂ ಕೊಂಬು ಒತ್ತು ದೀರ್ಘಗಳ ಸಮೇತ ಬಂದಿಳಿದರು.

ಈಗ ಪಟ್ಟಿಯಲ್ಲಿ ಪ್ರತಿಯೊಬ್ಬರೂ ಇಬ್ಬಿಬ್ಬರು. ಅಜ್ಜಿ ಹೇಳಿ ನಾನು ತುಂಬಿದವರು ಒಂದು ಕಡೆ, ಅಸಲು ಫೈಲಿನವರು ಇನ್ನೊಂದು ಕಡೆ. ಯಾವುದನ್ನು ಅಳಿಸುವುದು? ಅಸಲನ್ನೇ ಇಟ್ಟುಕೊಳ್ಳೋಣವೆಂದರೆ ಅದು ಹೇಳುತ್ತಿದ್ದುದು ಹಳೆಯ ಕಾಲದ ಸಂಗತಿ. ಅದರ ಪ್ರಕಾರ ಪುಣೆಯಲ್ಲಿರುವವನು, ಅಜ್ಜಿಯ ಪ್ರಕಾರ ಕೆಲಸ ಬಿಟ್ಟು ಬಂದು ಹುಣಸೂರಿನ ಕಡೆ ಹೊಗೆಸೊಪ್ಪಿನ ಬ್ಯಾರನ್ ಹಾಕಿಕೊಂಡಿದ್ದ. ವಿಚಾರಿಸಿದರೆ ಅಜ್ಜಿಯದೇ ಸರಿ. ಅಜ್ಜಿಯದನ್ನು ಇಟ್ಟುಕೊಳ್ಳೋಣವೆಂದರೆ ಅವಳು ತನಗಾಗದವರ ಮನೆಯವರನ್ನು ಪೂರಾ ಕೈಬಿಟ್ಟಿದ್ದಳು, ಅದರಲ್ಲಿ ನಮ್ಮ ಭಾವಮೈದನೂ ಒಬ್ಬ. (ವಿಳಾಸದಲ್ಲಿ ತಾಲ್ಲೂಕು ಕೆ.ಆರ್. ನಗರ ಎಂದು ಎರಡೂ ಒಮ್ಮತದಿಂದ ಹೇಳುತ್ತಿದ್ದವು. ಆಮೇಲೆ ಸರ್ಕಾರ ನಮ್ಮನ್ನು ಸಾಲಿಗ್ರಾಮ ತಾಲ್ಲೂಕಿಗೆ ಸೇರಿಸಿ ಅದನ್ನೂ ತಪ್ಪು ಮಾಡಿತು.)

ಅಸಲು ಫೈಲಿನಲ್ಲಿ ಇನ್ನೊಂದು ರಗಳೆ. ಯಾರಿಗೆ ಒಮ್ಮೆ ಉತ್ತರ ಬರೆದರೂ ಅವರನ್ನು ತಾನಾಗಿಯೇ ಬುಕ್ಕಿಗೆ ಸೇರಿಸಿಕೊಳ್ಳುವ ಒಳ್ಳೆಯತನ ಔಟ್‌ಲುಕ್ ಎಕ್ಸ್‌ಪ್ರೆಸ್ಸಿಗಿತ್ತು. ಹಾಗಾಗಿ ನೆಂಟರಿಷ್ಟರ ನಡುವೆ ಬಿತ್ತನೆ ಬೀಜದವರು, ವಿಮೆಯವರು, ಪಂಪ್‌ಸೆಟ್ ಮಾರುವವರು, ಭಾವಮೈದ ನಮ್ಮ ಮನೆಗೆ ಬಂದಾಗೊಮ್ಮೆ ಉತ್ತರಿಸಿದ್ದ ಪರದೇಶದ ಲಾಟರಿಯವನು, ಎಲ್ಲರೂ ಚುಂಚನಕಟ್ಟೆಯ ಮಕ್ಕಳೆಂಬಂತೆ ಕೂತಿದ್ದರು.

ಒಬ್ಬೊಬ್ಬರನ್ನೇ ಸೋಸಿ ತೆಗೆಯಲು ಕೂತಾಗ ಟೀ ಅಂಗಡಿಯವನು ಬಾಗಿಲಲ್ಲಿ ನಿಂತು ಕೂಗಿದ. "ಮೇಷ್ಟ್ರೇ, ಹಾರಂಗಿ ಬುಟ್ಟವ್ರಂತೆ, ಬರ್ತಾ ಅದೆ!" ಕೊಡೆ ತೆಗೆದುಕೊಂಡು ಓಡಿ, ನೋಡಿ, ಬಂದು, ಕರೆಂಟು ಹೋಗುವ ಮೊದಲು ಕಾಗದ ಬರೆದು ಇಡೀ ಪಟ್ಟಿಗೆ ಕಳಿಸಿಬಿಟ್ಟೆ. ಸೋಸುತ್ತಾ ಕೂತರೆ ನೀರು ಕನ್ನಂಬಾಡಿ ಸೇರಿರುತ್ತಿತ್ತು.

ಮೊದಲ ಉತ್ತರ ಪಂಪ್‌ಸೆಟ್ಟಿನವರದು. ನೀರಿನ ವಿಷಯ ತಿಳಿದು ಸಂತೋಷ, ಎಷ್ಟು ಎಚ್‌ಪಿ ಬೇಕು ಎಂದು ಕೇಳಿದ್ದರು. ಎರಡನೆಯದು ಡಲ್ಲಾಸಿನಿಂದ, ನನ್ನ ಹಳೆಯ ವಿದ್ಯಾರ್ಥಿಯದು. "ಮೇಷ್ಟ್ರೇ, ಈ ಸಲ ಒಂದೇ ಕಾಗದ ಎರಡು ಸಲ ಬಂತು. ಕವಲಿಗೊಂದರ ಹಾಗೆ ಬರೆಯುತ್ತಿದ್ದೀರಾ?"