ವೆನಿಸ್ ಎಂಬುದು ವಿಜಯಪುರದ ತದ್ಭವವೆಂಬುದರ ನಿರೂಪಣೆ

ಶಾಸ್ತ್ರಗ್ರಂಥಗಳು ಮಂಗಳಾಚರಣೆಯಿಂದ ಶುರುವಾಗುತ್ತವೆ. ಈ ಗ್ರಂಥ ಗಿರಮಿಟ್ಟಿನಿಂದ ಶುರುವಾಯಿತು. ಗಾಂಧಿ ಚೌಕದಲ್ಲಿ ಗಾಡಿಯೊಂದರ ಮುಂದೆ, ಸಂಜೆ ಆರೂವರೆಗೆ, ಬೆಂಗಳೂರಲ್ಲಿ ನೌಕರಿ ಮಾಡುವ ನಮ್ಮ ಅಣ್ಣನ ಮಗ ಮೊಬೈಲು ತೆಗೆದು ತಾನು ಕಂಡುಬಂದ ವೆನಿಸ್ಸಿನ ಫೋಟೋಗಳನ್ನು ತೋರಿಸತೊಡಗಿದ. ಎಲ್ಲದರಲ್ಲೂ ಅರ್ಧ ನೀರು, ಅರ್ಧ ಅವನು.

“ಕಾಕಾ, ಊರಂದ್ರ ಇದ ನೋಡ್ರಿ. ಓಣಿ ಓಣಿಗೆ ಕಾಲುವಿ. ನಮ್ಮೂರಾಗ ಏನೈತಿ? ಧೂಳ.”

ಗಿರಮಿಟ್ಟಿನವನು ಚುನಮರಿ ಕಲೆಸುವ ಕೈ ನಿಲ್ಲಿಸಿ ನನ್ನ ಮುಖ ನೋಡಿದ. ಪಕ್ಕದಲ್ಲಿ ನಿಂತಿದ್ದ ಟಾಂಗಾದ ಮುತ್ಯಾ ನೋಡಿದ. ಅವನ ಕುದುರೆಯೂ ನೋಡಿತೆಂದು ನನ್ನ ಭಾವನೆ. ಊರಿನ ಮಾನ ಚುನಮರಿಯಂತೆ ಮೆತ್ತಗಾಗುವ ಮೊದಲೇ ಖಂಡನೆ ಹೊರಡಬೇಕಿತ್ತು. ಹೀಗೆ ಲೋಕೋಪಕಾರಕ್ಕಾಗಿ ಈ ಪ್ರಬಂಧ.

ಮೊದಲು ಪೂರ್ವಪಕ್ಷ. ಎದುರಾಳಿಯ ಮಾತನ್ನು ಪೂರ್ತಿ ಹೇಳಿಯೇ ಮುರಿಯಬೇಕೆಂಬುದು ನಮ್ಮ ಹಿರಿಯರ ಪದ್ಧತಿ. ವೆನಿಸ್ 118 ದ್ವೀಪಗಳ ಮೇಲಿದೆ. ಸೇತುವೆಗಳು 400ಕ್ಕೂ ಹೆಚ್ಚು. ನಡುವೆ ಹಾವಿನಂತೆ ಹೊರಳುವ ದೊಡ್ಡ ಕಾಲುವೆಯ ಉದ್ದ 3.8 ಕಿ.ಮೀ. 1987ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಜನ ಎಷ್ಟು ಮುಗಿಬಿದ್ದರೆಂದರೆ, ಬೆಳಗ್ಗೆ ಬಂದು ಸಂಜೆ ಹೋಗುವವರಿಗೆ 2024ರ ಏಪ್ರಿಲ್ 25ರಿಂದ ಊರೊಳಗೆ ಕಾಲಿಡಲಿಕ್ಕೇ ಐದು ಯೂರೋ ಪಟ್ಟಿ ಹಾಕಿದರು. ಇಷ್ಟನ್ನೂ ಒಪ್ಪಿದೆವು. ಈಗ ಮುರಿಯೋಣ.

ವ್ಯುತ್ಪತ್ತಿಯೇ ವಿದ್ವಾಂಸನ ಮೊದಲ ಆಯುಧ. ವಿಜಯ, ವೆಜ್ಜಯ, ವೆನೆಜಿಯ: ಈ ಮೂರು ಮೆಟ್ಟಿಲು ಇಳಿದರೆ ಇಟಲಿ. ನಡುವೆ ‘ನ’ಕಾರ ಎಲ್ಲಿಂದ ಬಂತು ಎಂದು ಕೇಳುವವರುಂಟು. ಸಮುದ್ರದ ಗಾಳಿಗೆ ನೆಗಡಿಯಾದವರು ‘ಜ’ಕಾರವನ್ನು ಮೂಗಿನಿಂದ ಉಚ್ಚರಿಸುತ್ತಾರೆ. ವೈಯಾಕರಣ ಕೇಶಿರಾಜ ಈ ಬಗ್ಗೆ ಸೂತ್ರ ಬರೆಯಲಿಲ್ಲ ಎಂಬ ಆಕ್ಷೇಪಕ್ಕೆ ಉತ್ತರ, ಆತನಿಗೆ ನೆಗಡಿಯಾಗಿರಲಿಲ್ಲ. ಇನ್ನು ಅವರ ‘ಗೊಂಡೋಲ’ ನಮ್ಮ ‘ಗೊಂದಲ’ದಿಂದ ಬಂದದ್ದೆಂಬುದು ಸಂಜೆ ಗಾಂಧಿ ಚೌಕ ದಾಟಿದ ಯಾರಿಗೂ ವಿವರಿಸಬೇಕಿಲ್ಲ. ಅವರು ಚೌಕಕ್ಕೆ ‘ಪಿಯಾಜಾ’ ಎನ್ನುತ್ತಾರೆ. ಪ್ಯಾಜ್ ಎಂದರೆ ಉಳ್ಳಾಗಡ್ಡಿ, ಪಿಯಾಜಾ ಎಂದರೆ ಉಳ್ಳಾಗಡ್ಡಿ ಮಾರುವ ಜಾಗ. ನಮ್ಮ ಗಿರಮಿಟ್ಟಿನ ಮೇಲೆ ಆ ಹೊತ್ತಿಗೆ ಬಿದ್ದ ಉಳ್ಳಾಗಡ್ಡಿಯೇ ಇದಕ್ಕೆ ಪ್ರತ್ಯಕ್ಷ ಪ್ರಮಾಣ.

ವೆನಿಸ್ ಹಳೆಯದು, ಅಲ್ಲಿಯವರ ಐತಿಹ್ಯದಂತೆ 421ರಲ್ಲೇ ಹುಟ್ಟಿತು; ಯೂಸುಫ್ ಆದಿಲ್ ಖಾನ ವಿಜಯಪುರದಲ್ಲಿ ಸ್ವತಂತ್ರನಾದದ್ದು 1490ರ ಹೊತ್ತಿಗೆ; ಹಾಗಿದ್ದರೆ ಅಪ್ಪನಿಗಿಂತ ಮಗ ಹಿರಿಯನಾದದ್ದು ಹೇಗೆ? ಇದೊಂದು ತೊಡಕು. ತೊಡಕು ಬಂದಾಗ ಮುಂದಿನ ಪ್ಯಾರಾಕ್ಕೆ ಹೋಗುವುದು ಸಂಶೋಧನೆಯ ಶಿಸ್ತು.

ಸಾಕ್ಷಿಗಳನ್ನು ಕರೆಯೋಣ. ಸೀಸರ್ ಫೆಡ್ರಿಚಿ ಎಂಬ ವೆನಿಸ್ಸಿನ ವರ್ತಕ 1567ರಲ್ಲಿ ಹಂಪಿಗೆ ಬಂದ. ತಾಳಿಕೋಟಿ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ದಾರಿಯಲ್ಲಿ ಕಳ್ಳರ ಕಾಟ, ಹಾಗಾಗಿ ಏಳು ತಿಂಗಳು ಅಲ್ಲೇ ಕೂತ. ತಾಳಿಕೋಟಿ ಇಂದಿಗೂ ವಿಜಯಪುರ ಜಿಲ್ಲೆಯ ಊರು, ಎಂದರೆ ಅವನಿಗೆ ಆ ಏಳು ತಿಂಗಳ ಬಿಡುವು ಮಾಡಿಕೊಟ್ಟದ್ದು ನಮ್ಮ ಜಿಲ್ಲೆಯೇ. ಅವನು ವಿಜಯಪುರ ನೋಡಿದನೆಂದು ನಾನು ಹೇಳುತ್ತಿಲ್ಲ, ನೋಡಲಿಲ್ಲವೆಂದು ನೀವು ಹೇಳಬೇಡಿ. ತಿರುಗಿ ಊರಿಗೆ ಹೋಗಿ ಪ್ರವಾಸದ ಪುಸ್ತಕ ಅಚ್ಚು ಹಾಕಿಸಿದ್ದು 1587ರಲ್ಲಿ. ಮರುವರ್ಷ, 1588ರಲ್ಲಿ, ವೆನಿಸ್ಸಿನವರು ರಿಯಾಲ್ಟೊದ ಕಲ್ಲಿನ ಸೇತುವೆಗೆ ಕೈ ಹಾಕಿದರು. ಒಂದೇ ಕಮಾನು, 28.8 ಮೀಟರು. ನಮ್ಮ ಗಗನ ಮಹಲಿನ ನಡುವಿನ ಕಮಾನನ್ನು 1561ರಲ್ಲೇ ಅಲಿ ಆದಿಲ್ ಶಹಾ ಎತ್ತಿ ನಿಲ್ಲಿಸಿದ್ದ, ಸುಮಾರು 61 ಅಡಿ. ಅದಕ್ಕಿಂತ ರಿಯಾಲ್ಟೊ ಅಗಲವಾಗಿದೆಯಲ್ಲ ಎನ್ನಬಹುದು. ಶಿಷ್ಯ ಗುರುವನ್ನು ಮೀರಿಸಿದ ಎಂದುಕೊಂಡು ಸುಮ್ಮನಾಗುವುದು ದೊಡ್ಡತನ.

ಎರಡನೆಯ ಸಾಕ್ಷಿ ಇನ್ನೂ ಗಟ್ಟಿ, ಏಕೆಂದರೆ ಇದು ನಿಜ. ಹಾಲೆಂಡಿನ ಹಾರ್ಲೆಮ್ ಕೂಡ ಕಾಲುವೆಗಳ ಊರು. ಅಲ್ಲಿಯ ಚಿತ್ರಕಾರ ಕೊರ್ನೆಲಿಸ್ ಹೇಡಾ 1610ರ ಸುಮಾರಿಗೆ ಎರಡನೇ ಇಬ್ರಾಹಿಂ ಆದಿಲ್ ಶಹಾನ ಆಸ್ಥಾನ ಸೇರಿದವನು ತಿರುಗಿ ಹೋಗಲಿಲ್ಲ. ತೊರವಿಯ ಪಕ್ಕದ ನವರಸಪುರದಲ್ಲೇ ಇದ್ದು, ಸುಲ್ತಾನನಿಗೆ ಚಿತ್ರ ಬರೆಯುತ್ತ, ಇಲ್ಲಿಯೇ ತೀರಿಕೊಂಡ. ಕಾಲುವೆ ದಂಡೆಯಲ್ಲಿ ಹುಟ್ಟಿದವನು ತೊರವಿಯಲ್ಲಿ ಏನು ಕಂಡು ನಿಂತ? ಧೂಳನ್ನೇ?

ಅಣ್ಣನ ಮಗನನ್ನು ಇದೇ ಪ್ರಶ್ನೆ ಕೇಳಿದೆ. ಅವನು ಮಿರ್ಚಿ ಕಚ್ಚಿದ್ದರಿಂದ ಉತ್ತರ ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಆ ನೀರನ್ನೂ ಪ್ರಮಾಣವಾಗಿ ಬರೆದುಕೊಂಡೆ.

ಈಗ ಮರ್ಮಕ್ಕೆ ಬರೋಣ. ಕಾಲುವೆಯನ್ನು ಊರ ಮೇಲೆ ಬಿಚ್ಚಿಟ್ಟವರು ವೆನಿಸ್ಸಿನವರು. ಹೊಟ್ಟೆಯೊಳಗೆ ಇಟ್ಟುಕೊಂಡವರು ನಾವು. ಊರಿನ ಪಶ್ಚಿಮಕ್ಕೆ ತೊರವಿಯಿಂದ ನೆಲದಡಿಯ ಸುರಂಗ ಹೊರಡುತ್ತದೆ. ನಡುನಡುವೆ ಗಾಳಿ-ಬೆಳಕಿಗೆ, ಹೂಳು ತೆಗೆಯಲಿಕ್ಕೆ ಬಾಯಿಗಳು. ಸುರಂಗ ಬಾವಡಿ ಎಂಬ ಹೆಸರೇ ಸಾಕ್ಷಿ ನುಡಿಯುತ್ತದೆ. ಇರಾನಿನ ಕರೇಜ್ ವಿದ್ಯೆಯನ್ನು ದಖನ್ನಿನ ಕಲ್ಲಿನಲ್ಲಿ ಕೊರೆದದ್ದು. ದಕ್ಷಿಣಕ್ಕೆ 1651ರಲ್ಲಿ ಮಹಮ್ಮದ್ ಆದಿಲ್ ಶಹಾ ಕಟ್ಟಿಸಿದ ಬೇಗಂ ತಲಾಬ. ಅಲ್ಲಿಂದ ಮಣ್ಣಿನ ಕೊಳವೆ, ಅದರ ಸುತ್ತ ಗಾರೆಯ ಕವಚ, ಇಳಿಜಾರು ಹಿಡಿದು ಪೇಟೆಯವರೆಗೆ. ದಾರಿಯಲ್ಲಿ ಅಲ್ಲಲ್ಲಿ ಚೌಕಾಕಾರದ ಎತ್ತರದ ಗೋಪುರ, ಅದಕ್ಕೆ ಗಂಜ್ ಎನ್ನುತ್ತಾರೆ. ನೀರು ಒಂದು ಮಗ್ಗುಲಲ್ಲಿ ಗಂಜಿನೊಳಗೆ ಏರಿ, ಒತ್ತಡ ಇಳಿಸಿಕೊಂಡು, ಕೆಸರನ್ನು ತಳಕ್ಕೆ ಬಿಟ್ಟು, ಸಿಕ್ಕಿಕೊಂಡ ಗಾಳಿಯನ್ನು ಮೇಲಕ್ಕೆ ಉಗುಳಿ, ಮತ್ತೆ ಮುಂದಕ್ಕೆ ಹೊರಡುತ್ತಿತ್ತು. ಇಲ್ಲದಿದ್ದರೆ ಮಣ್ಣಿನ ಕೊಳವೆ ಒಡೆದೇ ಹೋಗುತ್ತಿತ್ತು. ಇಂದು ಅಂಗಡಿಯ ಹಿಂದೆ, ಶಾಲೆಯ ಗೋಡೆಯ ಪಕ್ಕ ಒಂಟಿಯಾಗಿ ನಿಂತ ಗಂಜನ್ನು ಕಂಡು ಪ್ರವಾಸಿಗರು ಯಾರದೋ ಗೋರಿಯೆಂದು ಕೈ ಮುಗಿದು ಹೋಗುತ್ತಾರೆ. ಮುಗಿಯಲಿ. ಅದಕ್ಕೂ ಅರ್ಹವೇ.

ಸುಮಾರು 10 ಕಿ.ಮೀ. ಕೋಟೆಗೋಡೆ, ಅದರ ಸುತ್ತ ಕಂದಕ. ವೆನಿಸ್ಸಿನ ದೊಡ್ಡ ಕಾಲುವೆ, ಮರೆಯಬೇಡಿ, 3.8. ಒಳಗೆ ಶಹಾಪುರ ದರವಾಜಾದ ಬಳಿ ಚಾಂದ್ ಬಾವಡಿ, ಮಕ್ಕಾ ದರವಾಜಾದ ಬಳಿ 1620ರ ತಾಜ್ ಬಾವಡಿ. ತಾಜ್ ಬಾವಡಿಯನ್ನು ಬಾವಿ ಎನ್ನುವುದು ಸಂಕೋಚದ ಮಾತು: 223 ಅಡಿ ಉದ್ದ, ಅಷ್ಟೇ ಅಗಲ, 52 ಅಡಿ ಆಳ, 35 ಅಡಿಯ ಕಮಾನು, ಎರಡೂ ಕಡೆ ಎಂಟು ಮೂಲೆಯ ಗೋಪುರ, ದಣಿದ ದಾರಿಹೋಕರಿಗೆ ತಂಗುವ ಪಡಸಾಲೆ. ಇಂಥದ್ದರಲ್ಲಿ ವರ್ಷಾನುಗಟ್ಟಲೆ ಗಣಪತಿಗಳನ್ನು ಮುಳುಗಿಸಿದೆವು. ವೆನಿಸ್ಸಿನವರಿಗೆ ಒಬ್ಬ ಗಣಪತಿಯೂ ಇಲ್ಲವಾದ್ದರಿಂದ ಈ ಒಂದು ವಿಷಯದಲ್ಲಿ ಹೋಲಿಕೆ ಸಾಧ್ಯವಿಲ್ಲ. ಆಮೇಲೆ ನಾವೇ ಹೂಳೆತ್ತಿದೆವು ಎಂಬುದನ್ನೂ ಬರೆದುಕೊಳ್ಳಬೇಕು.

ಮತ್ತೆ, ಇದನ್ನು ಎದುರಾಳಿ ಹೇಳುವುದೇ ಇಲ್ಲ: ವೆನಿಸ್ಸಿನ ನೀರು ಉಪ್ಪು. ಸುತ್ತ ಸಮುದ್ರವಿಟ್ಟುಕೊಂಡು ಕುಡಿಯಲು ಅವರು ಮಳೆನೀರನ್ನೇ ನಂಬಿದ್ದರು. ಒಂದೊಂದು ಬಯಲಿನ ಅಡಿಗೂ ಮರಳು ತುಂಬಿ, ಮಳೆಯನ್ನು ಅದರಲ್ಲಿ ಸೋಸಿ, ನಡುವೆ ಕೆತ್ತನೆಯ ಕಲ್ಲಿನ ಕಟ್ಟೆ ಇಟ್ಟು ಸೇದುತ್ತಿದ್ದರು. ಮಳೆ ಕೈಕೊಟ್ಟರೆ ಬ್ರೆಂಟಾ ನದಿಯಿಂದ ದೋಣಿಗಳಲ್ಲಿ ಸಿಹಿನೀರು ಬರುತ್ತಿತ್ತು. ಎಂದರೆ ಟ್ಯಾಂಕರ್! ಕೊಳವೆಯಲ್ಲಿ ನೀರು ಹರಿದದ್ದು 1884ರಲ್ಲಿ. ಆ ಹೊತ್ತಿಗೆ ಬೇಗಂ ತಲಾಬದ ಕೊಳವೆಗೆ ಇನ್ನೂರ ಮೂವತ್ತಮೂರು ವರ್ಷ. ಓಣಿ ಓಣಿಗೆ ಕಾಲುವೆಯಿದ್ದ ಊರು ಟ್ಯಾಂಕರ್ ಕಾಯುತ್ತಿತ್ತು. ಧೂಳಿನ ಊರು ನೆಲದಡಿಯಿಂದ ಕುಡಿಯುತ್ತಿತ್ತು.

ಟಾಂಗಾದ ಮುತ್ಯಾ ಇದನ್ನು ಕೇಳಿ, “ಹಂಗಾರ ಅವರೂ ನಮ್ಮಂಗ ಅನ್ರಿ ಸಾಹೇಬ್ರ” ಎಂದ. ನಾನೂರು ಪುಟದ ಗ್ರಂಥವನ್ನು ಅವನು ಒಂದು ಸಾಲಿಗೆ ಇಳಿಸಿದ್ದು ನನಗೆ ಸರಿ ಬರಲಿಲ್ಲ.

ಅವನಿಂದಲೇ ಉಪಮಾನ ಪ್ರಮಾಣ ಸಿಕ್ಕಿತು. ಗೊಂಡೋಲ ಸುಮಾರು 11 ಮೀಟರು ಉದ್ದದ ಕಪ್ಪು ದೋಣಿ. ಅಂಬಿಗ ಒಂದೇ ಮಗ್ಗುಲಿಗೆ ಹುಟ್ಟು ಹಾಕುವುದರಿಂದ, ಅದು ನೇರ ಹೋಗಲೆಂದು ದೋಣಿಯನ್ನೇ ಬೇಕೆಂದು ಸೊಟ್ಟಗೆ ಕಟ್ಟಿರುತ್ತಾರೆ. ಟಾಂಗಾವನ್ನು ಸೊಟ್ಟಗೆ ಕಟ್ಟುವ ಅಗತ್ಯವಿಲ್ಲ, ಆ ಕೆಲಸವನ್ನು ರಸ್ತೆಯೇ ಮಾಡುತ್ತದೆ. ಸಾವಿರಾರು ಇದ್ದ ಗೊಂಡೋಲಗಳು ಈಗ ನಾನೂರರ ಆಸುಪಾಸು. ಟಾಂಗಾಗಳನ್ನು ಎಣಿಸಲು ಮುತ್ಯಾನಿಗೆ ಕೈಬೆರಳು ಸಾಕು. ಅವರ ಅಂಬಿಗ ಹಾಡಿಗೆ ಬೇರೆ ದುಡ್ಡು ಕೇಳುತ್ತಾನಂತೆ; ಮುತ್ಯಾ ಬೈಗುಳವನ್ನೂ ಬಾಡಿಗೆಯಲ್ಲೇ ಸೇರಿಸಿರುತ್ತಾನೆ.

ನಿಟ್ಟುಸಿರಿನ ಸೇತುವೆಯ ವಿಚಾರ ಉಳಿಯಿತು. ಅಲ್ಲಿ ಸೆರೆಮನೆಗೆ ನಡೆದವರು ಕಿಟಕಿಯಿಂದ ಕಡೆಯ ಬಾರಿ ಊರು ನೋಡಿ ಉಸ್ಸೆಂದರಂತೆ. ಒಂದು ಉಸಿರು, ಒಂದು ಸಲ. ನಮ್ಮಲ್ಲಿ ಗೋಳಗುಮ್ಮಟದ ಮೂಲೆಯ ಗೋಪುರದಲ್ಲಿ ನೂರಕ್ಕೂ ಮಿಕ್ಕ ಇಕ್ಕಟ್ಟು ಮೆಟ್ಟಿಲು ಹತ್ತಿ, 1656ರಲ್ಲಿ ಮಹಮ್ಮದ್ ಆದಿಲ್ ಶಹಾ ಮಲಗಿದ ಗುಮ್ಮಟದ ಪಿಸುಗುಟ್ಟುವ ಸುತ್ತುಮೊಗಸಾಲೆಗೆ ಬಂದು ಉಸ್ಸೆನ್ನಿ. ಅದೇ ಉಸಿರು ಏಳು ಸಲ ನಿಮಗೇ ತಿರುಗಿ ಬರುತ್ತದೆ. ರವಿವಾರ ಶಾಲೆಯ ಮಕ್ಕಳು ಬಂದರೆ ಲೆಕ್ಕ ಹಿಡಿಯುವುದು ಕಷ್ಟ. ಗೋಪುರದ ವಿಷಯದಲ್ಲೂ ಅಷ್ಟೇ: ಅವರ ಸಂತ ಮಾರ್ಕನ ಗಂಟೆಗೋಪುರ 1902ರ ಜುಲೈ 14ರಂದು ಕುಸಿದು, ಈಗಿರುವುದು 1912ರದು. ಉಪ್ಪಲಿ ಬುರುಜು 1584ರಿಂದ ನಿಂತೇ ಇದೆ. ಸಮೀಪದ ಮಲಿಕ್-ಎ-ಮೈದಾನ ತೋಪು 1549ರಲ್ಲಿ ಅಹಮದನಗರದಲ್ಲಿ ಎರಕವಾದದ್ದು. ಗುಂಡು ಹಾರಿಸುವವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನೆಂದು ಹೇಳುತ್ತಾರೆ; ಯುದ್ಧಕ್ಕೂ ನೀರು ಬೇಕಾದ ಊರು ಇದು. ಇಂಗ್ಲಿಷರು 1854ರಲ್ಲಿ ಅದನ್ನು ಹರಾಜಿಗಿಟ್ಟಾಗ ಬಂದ ದೊಡ್ಡ ಬೇಡಿಕೆ 150 ರೂಪಾಯಿ. ನಾಚಿ ಅಲ್ಲೇ ಬಿಟ್ಟರು. ನಮ್ಮ ಜನರ ಚೌಕಾಸಿಯಿಂದ ಒಂದು ಸ್ಮಾರಕ ಉಳಿದದ್ದು ಇದೊಂದೇ ಸಲ.

ಕಡೆಗೆ ಅಣ್ಣನ ಮಗನನ್ನು ಟಾಂಗಾ ಹತ್ತಿಸಿ ಜಲಮಂಜಿಲಿಗೆ ಕರೆದೊಯ್ದೆ. ಸಾತ ಮಂಜಿಲಿನ ಎದುರಿನ ಪುಟ್ಟ ಮಂಟಪ, ಒಂದು ಕಾಲಕ್ಕೆ ಸುತ್ತ ನೀರು ತುಂಬಿದ ಕೊಳ. ಈಗ ಸುತ್ತ ಆಟೋಗಳು ಹರಿಯುತ್ತವೆ. ಅವನು ಫೋಟೋ ತೆಗೆದ. ಅರ್ಧ ಆಟೋ, ಅರ್ಧ ಅವನು.

“ಕಾಕಾ, ಆ ನೀರೆಲ್ಲಾ ಎಲ್ಲಿ ಹೋತ್ರಿ?”

ಇದು ಪೂರ್ವಪಕ್ಷದಲ್ಲಿ ಇರದಿದ್ದ ಪ್ರಶ್ನೆ. ಉತ್ತರಪಕ್ಷ ಕಟ್ಟಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮನೆಯಿಂದ ಫೋನು.

“ಎಲ್ಲಿ ಅದೀರಿ? ನಳ ಬರೂ ಹೊತ್ತಾತು. ಕೊಡ ಎಲ್ಲಾ ಖಾಲಿ ಅದಾವ.”

ಪ್ರಬಂಧವನ್ನು ಅಲ್ಲಿಗೇ ಬಿಟ್ಟು ಓಡಿದೆ. ಅಂಗಳದಲ್ಲಿ ಹನ್ನೊಂದು ಕೊಡ ಸಾಲಾಗಿ ಕೂತಿದ್ದವು. ನಳ ತಿರುವಿದರೆ ನೀರು ಬರಲಿಲ್ಲ, ಮೊದಲು ಗಾಳಿ ಬಂತು: ಉದ್ದಕ್ಕೆ, ಸಿಟ್ಟಿನಲ್ಲಿ, ಕೊಳವೆಯಲ್ಲಿ ಬಹಳ ಹೊತ್ತು ಸಿಕ್ಕಿಬಿದ್ದಿದ್ದ ಗಾಳಿ. ಅಣ್ಣನ ಮಗ ಕಿವಿಗೊಟ್ಟು ಕೇಳಿದ.

“ಗಂಜ್ ಇಲ್ಲಲ್ರಿ ಕಾಕಾ, ಅದಕ್ಕ,” ಎಂದು ಕೊಡ ಎತ್ತಿ ನಳದ ಕೆಳಗಿಟ್ಟ.